ಒಂದು ಲಕ್ಷದ ಮೂರು ಬತ್ತಿ

ನನ್ನ ಹೊಲಿಗೆಯ ಡಬ್ಬಿ ಎಲ್ಲರ ಮನೆಯಲ್ಲೂ ಇರುವಂಥದೇ. ಯಾವುದೋ ದೀಪಾವಳಿಗೆ ಯಾರೋ ಕೊಟ್ಟ ಬಿಸ್ಕೀಟಿನ ತಗಡಿನ ಡಬ್ಬಿ. ಮುಚ್ಚಳದ ಮೇಲೆ ನಾವು ಯಾರೂ ಕಾಣದ ದೇಶದ ಗುಲಾಬಿ ತೋಟ, ಒಳಗೆ ಸೂಜಿ, ಗುಂಡಿ, ಬಣ್ಣಬಣ್ಣದ ದಾರದ ಉಂಡೆ, ಹೊಲಿಯುವಾಗ ಬೆರಳಿಗೆ ತೊಡುವ, ಕಾನ್ವೆಂಟಿನ ಕಾಲದ ಒಂದು ಥಿಂಬಲ್. ಇವೆಲ್ಲದರ ತಳದಲ್ಲಿ, ಬಟರ್ ಪೇಪರಿನ ಸಣ್ಣ ಮಡಿಕೆಯೊಳಗೆ, ಕಿರುಬೆರಳಿನಷ್ಟು ಉದ್ದದ ಒಂದು ಹತ್ತಿಯ ಬತ್ತಿ ಹೋದ ವಾರದವರೆಗೂ ಮಲಗಿತ್ತು. ಹೊಸದಿದ್ದಾಗ ಮಲ್ಲಿಗೆಯಂತಿದ್ದದ್ದು ವರ್ಷಗಳು ಸರಿದಂತೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಅಷ್ಟು ಕಾಲ ಅದನ್ನು ನಾನು ಹಚ್ಚಲೂ ಇಲ್ಲ, ಎಸೆಯಲೂ ಇಲ್ಲ. ಹಚ್ಚದ್ದಕ್ಕೆ ಕಾರಣ ಸರಳ: ನಮ್ಮ ಮನೆಗಳಲ್ಲಿ ದೇವರ ಮುಂದೆ ಒಂಟಿ ಬತ್ತಿ ಇಡುವುದಿಲ್ಲ, ಎರಡನ್ನು ಕೂಡಿಸಿ ಹೊಸೆದೇ ಹಣತೆಗೆ ಹಾಕುತ್ತೇವೆ. ಎಸೆಯದ್ದಕ್ಕೆ ಕಾರಣ ಹೇಳಹೊರಟರೆ ಮಾತ್ರ ನಿಮ್ಮನ್ನು ಒಂದಿಷ್ಟು ಗಣಿತದ ಕ್ಲಾಸಿಗೆ ಕರೆದೊಯ್ಯಬೇಕಾಗುತ್ತದೆ. ಹೆದರಬೇಡಿ, ನಾನೇ ಆ ಕ್ಲಾಸಿನಿಂದ ಅರ್ಧಕ್ಕೆ ಎದ್ದು ಬಂದು ಮದುವೆಯಾದವಳು.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಮ್ಯಾಥ್ಸ್ ಕಲಿಸುತ್ತಿದ್ದ ಸಿಸ್ಟರ್ ಪ್ರೈಮ್ ನಂಬರನ್ನು ಪುಸ್ತಕದಿಂದ ಕಲಿಸಲಿಲ್ಲ, ಪ್ರಾರ್ಥನೆಯ ಸಾಲಿನಿಂದ ಕಲಿಸಿದರು. ಹನ್ನೆರಡು ಹುಡುಗಿಯರಿದ್ದರೆ ಇಬ್ಬಿಬ್ಬರಂತೆ, ಮೂವರಂತೆ, ನಾಲ್ವರಂತೆ ಹೇಗೆ ಬೇಕಾದರೂ ಸಾಲು ಕಟ್ಟಬಹುದು. ಆದರೆ ತಲೆ ಬಾಚಿಕೊಳ್ಳುತ್ತ ಒಬ್ಬಳು ತಡವಾಗಿ ಓಡಿ ಬಂದು ಹದಿಮೂರಾದರೋ, ಅಂದವಾದ ಸಾಲುಗಳೆಲ್ಲ ಕೆಟ್ಟು, ಎಲ್ಲರೂ ಒಬ್ಬರ ಹಿಂದೊಬ್ಬರು ಉದ್ದಕ್ಕೆ ನಿಲ್ಲುವುದೊಂದೇ ದಾರಿ. ತಡವಾಗಿ ಬರುತ್ತಿದ್ದವಳು ಸಾಮಾನ್ಯವಾಗಿ ನಾನೇ ಆಗಿದ್ದರಿಂದ ಪ್ರೈಮ್ ಎಂದರೆ ನನ್ನದೇ ಅಪರಾಧವೆಂಬ ಭಾವನೆ ಬಹಳ ದಿನ ಉಳಿದಿತ್ತು. ಅದಕ್ಕೆ ಕನ್ನಡದಲ್ಲಿ ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆಂದು ತಿಳಿದದ್ದು ಆಮೇಲೆ. ಮದುವೆಯಾಗಿ ಬಾಗಲಕೋಟೆಯ ಹಳೆಯ ಊರಿಗೆ ಬಂದಾಗ ನಮ್ಮದು ಅವಿಭಕ್ತ ಕುಟುಂಬವೆಂದು ಎಲ್ಲರೂ ಹೆಮ್ಮೆಯಿಂದ ಹೇಳಿದರು. ಅವಿಭಕ್ತವೆಂದರೆ ಇನ್ನೂ ಒಡೆಯದ್ದು, ಅವಿಭಾಜ್ಯವೆಂದರೆ ಒಡೆಯಲಾಗದ್ದು. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ನನಗೆ ಎರಡೇ ವರ್ಷಗಳಲ್ಲಿ ಅರ್ಥವಾಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಮನೆಯಲ್ಲಿ ನಾವು ಮೂವರು ಹೆಂಗಸರು: ಅತ್ತೆ, ಹಿರಿಯ ಸೊಸೆ ಶಾಂತಕ್ಕ, ಕಿರಿಯವಳು ನಾನು. ಶಾಂತಕ್ಕ ಇಳಕಲ್ಲಿನವಳು, ಅವಳ ಮಾತೂ ಅಲ್ಲಿಯ ಸೀರೆಯ ಸೆರಗಿನ ಹಾಗೆ, ಗಟ್ಟಿ ಕೆಂಪು. ಅಣ್ಣತಮ್ಮಂದಿರಾದ ನಮ್ಮ ಗಂಡಂದಿರಿಬ್ಬರು ಯಾವುದೋ ಮಾತಿಗೆ ಮಾತು ಬೆಳೆಸಿ ಒಂದೇ ಸೂರಿನ ಕೆಳಗೆ ಎರಡು ಒಲೆ ಹೂಡಿದರು. ಹಂಡೆ, ಕೊಳಗ, ತಾಟು, ಎಲ್ಲವೂ ಎರಡು ಪಾಲಾದವು. ರೊಟ್ಟಿಯ ಹಂಚು ಮಾತ್ರ ಒಂದೇ ಇತ್ತು, ಅದು ಹೇಗೋ ನನ್ನ ಒಲೆಯ ಪಾಲಿಗೆ ಬಂತು. ಜೋಳದ ರೊಟ್ಟಿ ಬಡಿಯುವಾಗ ನನ್ನ ಕೈಯಲ್ಲಿ ಅದು ಇಂಡಿಯಾದ ಮ್ಯಾಪಿನಂತೆ ಆಗುತ್ತಿತ್ತೆಂಬುದು ಓಣಿಗೇ ಗೊತ್ತಿತ್ತು. "ರೊಟ್ಟಿ ಬಡಿಯಾಕ ಬಾರದಾಕಿ ಒಲಿ ಮ್ಯಾಲೆ ಹಂಚು! ಇಂಗ್ಲೀಷನ್ಯಾಗ ಬಡಿತಾಳೇನೋ," ಎಂದು ಶಾಂತಕ್ಕ ಗೋಡೆಗೆ ಹೇಳಿದಳು. ಗೋಡೆ ನನಗೆ ಹೇಳಿತು. ಅಂದಿನಿಂದ ನಾವಿಬ್ಬರೂ ಗೋಡೆಯ ಮೂಲಕವೇ ಮಾತಾಡತೊಡಗಿದೆವು.

ಅತ್ತೆ ಜಗಳ ಬಿಡಿಸಲು ಬರಲಿಲ್ಲ. ಎರಡು ಒಲೆ ಹೊತ್ತಿದ ದಿನ ಮಧ್ಯಾಹ್ನವೇ ಒಂದು ಬುಟ್ಟಿ ಹತ್ತಿ ತರಿಸಿಕೊಂಡು, ಕಾಳು ಬಿಡಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಅಂಗೈ ಮೇಲೆ ಬತ್ತಿ ಹೊಸೆಯಲು ಕುಳಿತರು. ಲಕ್ಷ ಬತ್ತಿಯ ಹರಕೆ. ನಾಲ್ಕೂವರೆ ವರ್ಷ, ದಿನಕ್ಕೆ ಅರವತ್ತು ಎಪ್ಪತ್ತರಂತೆ ಹೊಸೆದು, ನೂರು ನೂರರ ಕಟ್ಟು ಕಟ್ಟಿ, ಕಟ್ಟಿಗೊಂದು ಬಿಳಿಯ ದಾರ ಸುತ್ತಿದರು. ಬೇಡಿಕೆ ಒಂದೇ, ಅದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ: ಲಕ್ಷವೂ ಮುಗಿದ ಕಾರ್ತಿಕದಲ್ಲಿ ಮಹಾಕೂಟದ ಶಿವನ ಗುಡಿಯಲ್ಲಿ ಇಬ್ಬರು ಸೊಸೆಯರೂ ಜೊತೆಗೆ ನಿಂತು ಆ ಬತ್ತಿಗಳನ್ನು ಹಚ್ಚಬೇಕು. ಬದುಕಿನಲ್ಲಿ ಇನ್ನೇನನ್ನೂ ಅವರು ಬೇಡಿದ್ದನ್ನು ನಾನು ಕಾಣೆ.

ಎಣಿಕೆ ಮುಗಿದ ದಿನ ಅತ್ತೆ ಸಾವಿರ ಕಟ್ಟುಗಳ ಪಕ್ಕಕ್ಕೆ ಮೂರು ಬಿಡಿ ಬತ್ತಿಗಳನ್ನಿಟ್ಟರು. "ಒಂದು ಲಕ್ಷದ ಮೂರು," ಎಂದರು. ಮೂರು ಯಾಕೆ ಎಂದು ಕೇಳಿದರೆ, "ಇರ್ಲಿ ಬಿಡು." ತೆಗೆದಿಡೋಣವೆಂದರೆ ಗಾಬರಿಯಾದರು: "ದೇವರಿಗಂತ ಎಣಿಸಿದ್ದನ್ನ ತಿರುಗಿ ತೆಗೀತಾರೇನ, ತಂಗಿ?" ಅಲ್ಲಿಗೆ ಆ ಸಂಖ್ಯೆ ಕಲ್ಲಿನಲ್ಲಿ ಕೊರೆದಂತಾಯಿತು.

ಶಾಂತಕ್ಕನ ಷರತ್ತೂ ಗೋಡೆಯ ಮೂಲಕವೇ ಬಂತು. "ಹಂಚಿನಂಗ ಆಗಬಾರದು. ಒಂದ ಬತ್ತಿ ಆಕಿಗಿ ಹೆಚ್ಚು ಹೋದರ ನಾ ಮಹಾಕೂಟದ ದಾರಿ ತುಳ್ಯಂಗಿಲ್ಲ." ಮೂರು ಬೆಸ; ಆದ್ದರಿಂದ ಇಬ್ಬರಿಗೆ ಸಮನಾಗಿ ಹೋಗದೆಂದು ಅತ್ತೆಗೂ ಗೊತ್ತಿತ್ತು. ಅವರು ನನ್ನ ಮುಂದೆ ಕುಳಿತು ಮೆತ್ತಗೆ ಹೇಳಿದರು: "ವಿಮಲಾ, ನೀ ಕಾನ್ವೆಂಟ್ನ್ಯಾಗ ಓದಿದಾಕಿ. ನೀವಿಬ್ಬರು ಅಂತೂ ಇದ್ದs ಇದ್ದೀರಿ. ಇನ್ನ ಎಷ್ಟು ಮಂದಿ ಮುತ್ತೈದೇರನ್ನ ಕರದರ ಎಲ್ಲಾರಿಗೂ ಸಮ ಹೋಗ್ತಾವು, ನೋಡಿ ಹೇಳು." ನಾಲ್ಕೂವರೆ ವರ್ಷದ ಹರಕೆಯ ಕೊನೆಯ ಗಂಟು ನನ್ನ ಪೆನ್ಸಿಲ್ಲಿನ ತುದಿಗೆ ಬಂದು ನಿಂತಿತು.

ನೀವು ನಗಬೇಡಿ, ಆ ಹೊತ್ತಿನಲ್ಲಿ ನನಗೆ ಎಂಥ ಉಬ್ಬು! ಮದುವೆಯಾದ ಮೇಲೆ ಮೊದಲ ಸಲ ಆ ಮನೆಯಲ್ಲಿ ನನ್ನ ಓದಿಗೆ ಕೆಲಸ ಬಂದಿತ್ತು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಸಂಖ್ಯೆ ಬರೆದೆ. ಕಾನ್ವೆಂಟಿನಲ್ಲಿ ನಾವು ಮೂರು ಅಂಕಿಗೊಮ್ಮೆ ಕಾಮಾ ಹಾಕುತ್ತಿದ್ದೆವು. ನಮ್ಮವರ ಪದ್ಧತಿಯಲ್ಲಿ ಲಕ್ಷಕ್ಕೊಂದು, ಸಾವಿರಕ್ಕೊಂದು. ಕಾಮಾ ಎಲ್ಲಿಡಲಿ ಎಂದು ಎರಡು ಪದ್ಧತಿಗಳ ನಡುವೆ ಹೊಯ್ದಾಡುತ್ತ ನನ್ನ ಕೈ ನಾಲ್ಕು ಸೊನ್ನೆ ಬರೆಯಬೇಕಾದಲ್ಲಿ ಮೂರೇ ಬರೆಯಿತು. ಲಕ್ಷದ ಮೂರು ಹೋಗಿ ಹತ್ತು ಸಾವಿರದ ಮೂರಾಯಿತು. ಎರಡಕ್ಕೆ ಹೋಗದು, ಅಂಕಿಗಳ ಮೊತ್ತ ನಾಲ್ಕು, ಆದ್ದರಿಂದ ಮೂರಕ್ಕೂ ಹೋಗದು, ಐದಕ್ಕೆ ಹೋಗದು. ಏಳಕ್ಕೆ ಭಾಗಿಸಿದೆ. ಶೇಷ ಸೊನ್ನೆ! ಭಾಗಲಬ್ಧವನ್ನು ಒಂದು ಕ್ಷಣ ನೋಡಿದ್ದರೂ, ಒಬ್ಬೊಬ್ಬರಿಗೆ ಬರೇ ಸಾವಿರ ಚಿಲ್ಲರೆ ಬತ್ತಿ ಎಂಬ ಅಸಂಬದ್ಧ ನನ್ನನ್ನು ಎಚ್ಚರಿಸುತ್ತಿತ್ತು. ಆದರೆ ನಾನು ನೋಡಿದ್ದು ಶೇಷವನ್ನು ಮಾತ್ರ. ಏನು ಉಳಿಯುತ್ತದೆ ಎಂಬುದರ ಮೇಲೇ ಕಣ್ಣಿಟ್ಟವರಿಗೆ ಏನು ಸಿಕ್ಕಿತೆಂಬುದು ಕಾಣುವುದಿಲ್ಲವೋ ಏನೋ. "ಏಳು ಮಂದಿ, ಅತ್ತೀ," ಎಂದೆ. ಅತ್ತೆಯ ಮುಖ ಅರಳಿತು. ಏಳು ಒಳ್ಳೆಯ ಸಂಖ್ಯೆ. ಅಂದೇ ಓಣಿಯ ಐವರು ಮುತ್ತೈದೆಯರ ಮನೆಗೆ ಹೋಗಿ ಕುಂಕುಮ ಹಚ್ಚಿ ಕರೆದು ಬಂದರು. ಕುಂಕುಮ ಹಚ್ಚಿ ಕರೆದ ಮೇಲೆ ಬರಬೇಡಿ ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ಮರುದಿನ ಅತ್ತೆ ತುಪ್ಪ ಕಾಸಲು ಕುಳಿತಾಗ ನಾನೊಬ್ಬಳೇ ಪಡಸಾಲೆಯಲ್ಲಿ ಏಳು ಬುಟ್ಟಿ ಇಟ್ಟುಕೊಂಡು ಪಾಲು ಹಾಕತೊಡಗಿದೆ. ಬುಟ್ಟಿಗೆ ನೂರಾ ನಲವತ್ತೆರಡು ಕಟ್ಟು. ಆರು ಕಟ್ಟು ಉಳಿದವು. ಅವನ್ನು ಬಿಚ್ಚಿ, ಬಿಡಿ ಮೂರನ್ನೂ ಕೂಡಿಸಿ, ಎಂಬತ್ತಾರು ಎಂಬತ್ತಾರರಂತೆ ಹಾಕಿದೆ. ಕೊನೆಗೆ ನನ್ನ ಅಂಗೈಯಲ್ಲಿ ಒಂದು ಬತ್ತಿ ಉಳಿಯಿತು. ಅದನ್ನು ಹಾಕಲು ಬುಟ್ಟಿ ಉಳಿದಿರಲಿಲ್ಲ. ಎರಡನೆಯ ಸಲ ಬಿಡಿ ಬತ್ತಿಗಳನ್ನೆಲ್ಲ ಎಣಿಸಿದೆ, ಒಂದು. ಕ್ಯಾಲೆಂಡರಿನ ಹಾಳೆ ಹುಡುಕಿ ತೆಗೆದೆ. ಕಾಣೆಯಾದ ಸೊನ್ನೆ ಆಗ ಕಂಡಿತು. ಆ ಒಂದು ಬತ್ತಿ ಯಾರ ಬುಟ್ಟಿಗೆ ಬಿದ್ದರೂ ಶಾಂತಕ್ಕನಿಗೆ ಅದು ಇನ್ನೊಂದು ರೊಟ್ಟಿಯ ಹಂಚಾಗುತ್ತಿತ್ತು. ಅತ್ತೆಗೆ ಹೇಳಿದರೆ ಕರೆದ ಹೆಂಗಸರಿಗೆ ಏನು ಹೇಳುವುದು? ಒಳಗೆ ತುಪ್ಪದ ಪರಿಮಳ, ಹೊರಗೆ ಶಾಂತಕ್ಕನ ಬಳೆಯ ಸದ್ದು. ನಾನು ಆ ಬತ್ತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕಾನ್ವೆಂಟಿನಲ್ಲಿ ಒಂದು ಪೆನ್ನಿನ ನಿಬ್ಬನ್ನೂ ಕದಿಯದ ನಾನು ದೇವರ ಎಣಿಕೆಯಿಂದ ಒಂದನ್ನು ಕದ್ದೆ.

ಶಾಂತಕ್ಕ ತನ್ನ ಬುಟ್ಟಿಯನ್ನು ಎರಡು ದಿನ ತನ್ನ ಕೋಣೆಯಲ್ಲಿಟ್ಟುಕೊಂಡಳು. ಕದ ಹಾಕಿಕೊಂಡು ಒಂದೊಂದು ಕಟ್ಟನ್ನೂ ಬಿಚ್ಚಿ ಎಣಿಸುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಕಪ್ಪು ಚಂದ್ರಕಾಳಿ ಸೀರೆ ಉಟ್ಟು, ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಅವಳು ಹೊರಗೆ ಬಂದು, ಗೋಡೆಗಲ್ಲ, ನೇರ ನನಗೆ ಹೇಳಿದಳು: "ನಡಿ, ರೈಲು ತಪ್ಪೀತು."

ಬಾದಾಮಿಯವರೆಗೆ ರೈಲು, ಅಲ್ಲಿಂದ ಎರಡು ಟಾಂಗಾ. ಮಹಾಕೂಟದ ಹೊಂಡದಲ್ಲಿ ಕೈಕಾಲು ತೊಳೆದು, ಸಂಜೆಯಾಗುತ್ತಲೇ ತುಪ್ಪದಲ್ಲಿ ನೆನೆದ ಕಟ್ಟುಗಳನ್ನು ಮಣ್ಣಿನ ಬೋಗುಣಿಗಳಲ್ಲಿ ಒಟ್ಟಿ ಏಳು ಕಡೆ ಹಚ್ಚಿದೆವು. ನಾಲ್ಕೂವರೆ ವರ್ಷದ ಮಧ್ಯಾಹ್ನಗಳು ಅರ್ಧ ಗಳಿಗೆಯಲ್ಲಿ ಬೆಳಕಾದವು. ಅತ್ತೆ ಬೆಂಕಿಯನ್ನು ನೋಡಲಿಲ್ಲ, ನಮ್ಮಿಬ್ಬರನ್ನು ನೋಡುತ್ತಿದ್ದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಶಾಂತಕ್ಕ ಬುತ್ತಿ ಬಿಚ್ಚಿ ನನ್ನ ಕೈಗೆ ಎರಡು ರೊಟ್ಟಿ ಇಟ್ಟಳು. ನಾನು ನನ್ನ ರೊಟ್ಟಿಯ ಗಂಟಿಗೆ ಕೈ ಹಾಕಿದರೆ, "ಅದನ್ನ ಇಲ್ಲೆ ಬಿಟ್ಟು ಹೋಗೂಣು, ಗುಡಿ ಕಟ್ಟವರಿಗೆ ಕಲ್ಲು ಕಡಿಮಿ ಬಿದ್ದಿರತಾವು," ಎಂದಳು. ನಾನು ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಊರಿಗೆ ಬಂದ ಮರುದಿನವೇ ಹಂಚನ್ನು ಅವಳ ಒಲೆಗೆ ಹೊತ್ತುಕೊಂಡು ಹೋಗಿ ಕೊಟ್ಟೆ. ಅಂದಿನಿಂದ ಎರಡೂ ಮನೆಯ ರೊಟ್ಟಿ ಅವಳದೇ ಆಯಿತು, ಸಾರು ನನ್ನದು.

ಆದರೆ ಗಂಟು ಸೆರಗಿನಲ್ಲೇ ಉಳಿದಿತ್ತು. ಎಂಟು ದಿನ ತಡೆದು ಒಂದು ಮಧ್ಯಾಹ್ನ ಅತ್ತೆಯ ಮುಂದೆ ಅದನ್ನು ಬಿಚ್ಚಿದೆ. "ಅತ್ತೀ, ನಾ ಲೆಕ್ಕ ತಪ್ಪಿದ್ದೆರಿ. ಒಂದು ಉಳೀತು. ಮುಚ್ಚಿಟ್ಟೆ."

ಅತ್ತೆ ಬತ್ತಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು, ಹೊಸೆತ ತಮ್ಮದೇ ಹೌದೋ ಅಲ್ಲವೋ ಎಂಬಂತೆ. "ಒಂದs ಏನು?"

"ಹೂಂನ್ರಿ."

"ಹಂಗಾರ ಇನ್ನ ಎರಡು ಅದಾವ ಬಿಡು," ಎಂದು ನಕ್ಕರು. "ಮನ್ಯಾಗ ನಾವು ಮೂರು ಮಂದಿ ಹೆಣ್ಣಮಕ್ಕಳು. ನಾಕು ವರ್ಷದ ಕೆಲಸದಾಗ ಒಬ್ಬೊಬ್ಬಾಕಿ ಒಂದೊಂದರೆ ತಪ್ಪು ಮಾಡ್ತೇವೋ ಇಲ್ಲೋ? ಅದಕ್ಕs ಮೂರು ಹೆಚ್ಚಿಗಿ ಹೊಸೆದೆ. ಇದು ನಿಂದು. ನಿನ್ನ ಹಂತ್ಯಾಕ ಇಟ್ಕೋ."

ನನ್ನ ತಪ್ಪಿಗೆ ಮೊದಲೇ ಜಾಗ ಮಾಡಿಟ್ಟಿದ್ದರೆಂದು ತಿಳಿದು ಸಮಾಧಾನವಾಗಬೇಕಿತ್ತಲ್ಲವೇ? ಆಗಲಿಲ್ಲ. ಏಳು ತಪ್ಪಾದರೆ ಸರಿಯಾದ ಸಂಖ್ಯೆ ಯಾವುದಿತ್ತು ಎಂಬ ಹುಳ ತಲೆ ಹೊಕ್ಕಿತು. ಸಿಸ್ಟರ್ ಕಲಿಸಿದ್ದು ನೆನಪಿತ್ತು: ಒಂದು ಸಂಖ್ಯೆ ಒಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಪ್ರೈಮುಗಳಿಂದ ಮಾತ್ರ ಭಾಗಿಸಿದರೆ ಸಾಕು, ಏಕೆಂದರೆ ದೊಡ್ಡ ಪಾಲುಗಾರ ಯಾವಾಗಲೂ ಒಬ್ಬ ಸಣ್ಣ ಪಾಲುಗಾರನ ಕೈ ಹಿಡಿದೇ ಬರುತ್ತಾನೆ. ಲಕ್ಷದ ಮೂರರ ವರ್ಗಮೂಲ ಮುನ್ನೂರ ಹದಿನಾರರ ಮೇಲೆ ಚೂರು. ಅಲ್ಲಿಯವರೆಗೆ ಅರವತ್ತೈದು ಪ್ರೈಮುಗಳು. ಅಕ್ಕಿ ಆರಿಸುವ ಹೊತ್ತಿನಲ್ಲಿ ಎರಡು, ಹಾಲು ಕಾಯುವಾಗ ಒಂದು, ಹೀಗೆ ಭಾಗಿಸುತ್ತ ಹೋದೆ, ಈ ಸಲ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ. ಹನ್ನೊಂದಕ್ಕೆ ಎರಡು ಉಳಿಯಿತು, ಹದಿಮೂರಕ್ಕೆ ಏಳು, ಹದಿನೇಳಕ್ಕೆ ಒಂಬತ್ತು. ಇಪ್ಪತ್ತಮೂರಕ್ಕೆ ಇನ್ನೊಂದು ಬತ್ತಿ ಇದ್ದಿದ್ದರೆ ಸರಿಹೋಗುತ್ತಿತ್ತು. ಮುನ್ನೂರ ಹದಿಮೂರರವರೆಗೆ ಯಾವುದಕ್ಕೂ ಅದು ಬಗ್ಗಲಿಲ್ಲ. ಅತ್ತೆ ಓದುಬರಹ ಬಾರದೆ ಒಂದು ಪ್ರೈಮನ್ನು ಹೊಸೆದು ಇಟ್ಟಿದ್ದರು. ಓಣಿಯನ್ನೆಲ್ಲ ಕರೆದಿದ್ದರೂ ಅದು ಸಮನಾಗಿ ಹಂಚಿಹೋಗುತ್ತಿರಲಿಲ್ಲ.

ಆ ಸಂಖ್ಯೆಯ ಗುಣಗಳನ್ನು ನೋಡಿದಷ್ಟೂ ನನಗೆ ಗಲಿಬಿಲಿ. ಆರು ಅಂಕಿಗಳ ಪ್ರೈಮುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದೇ. ಹಿಂದೆ ಹನ್ನೆರಡು ಹೆಜ್ಜೆ, ಮುಂದೆ ಹದಿನಾರು ಹೆಜ್ಜೆ ನಡೆದರೂ ಸ್ವಜಾತಿಯವರು ಯಾರೂ ಸಿಗದ ಒಂಟಿ. ಹಿಂದುಮುಂದಾಗಿ ಓದಿದರೆ ಮೂರು ಲಕ್ಷದ ಒಂದು. ಅದು ಮಾತ್ರ ಹದಿಮೂರಕ್ಕೆ ಸದ್ದಿಲ್ಲದೆ ಒಡೆಯುತ್ತದೆ. ಇಷ್ಟು ಹಟದ ಸಂಖ್ಯೆಯನ್ನು ಇಬ್ಬರಿಗೆ ಹಂಚಿದರೂ ಒಂದೇ ಉಳಿಯುತ್ತದೆ, ಮೂವರಿಗೆ ಹಂಚಿದರೂ ಒಂದೇ, ಆರಕ್ಕೂ ಒಂದೇ, ಏಳಕ್ಕೂ ಒಂದೇ. ಅಂದರೆ ನನ್ನ ತಪ್ಪು ಲೆಕ್ಕವಿಲ್ಲದೆಯೂ, ನಾವಿಬ್ಬರೇ ಹೋಗಿದ್ದರೂ, ಆ ಒಂದು ಬತ್ತಿ ಉಳಿದೇ ಉಳಿಯುತ್ತಿತ್ತು. ಅತ್ತೆಗೆ ಅದು ಗೊತ್ತಿತ್ತೇ? ಗೊತ್ತಿರಲು ಸಾಧ್ಯವೇ ಇಲ್ಲ. ಅವರ ಕಣ್ಣಿಗೆ ಅದು ಒಂದು ಸಂಖ್ಯೆಯೇ ಆಗಿರಲಿಲ್ಲ. ದೇವರ ಎಣಿಕೆಗೇ ಸೇರಿಸಿದ್ದರೂ, ಹರಕೆಗೆ ಒಂದು ಲಕ್ಷ, ನಮ್ಮ ತಪ್ಪಿಗೆ ಮೂರು ಎಂದು ಮನಸ್ಸಿನಲ್ಲಿ ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಎರಡನ್ನೂ ಕೂಡಿಸಿ ಒಡೆಯಲಾಗದಂತೆ ಮಾಡಿದವಳು ನಾನೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮರುಕ್ಷಣ, ಹಾಗಾದರೆ ಗಣಿತ ಏನಾಯಿತು ಎಂದೂ ಅನ್ನಿಸುತ್ತದೆ.

ಅತ್ತೆ ಹೋಗಿ ಬಹಳ ಕಾಲವಾಯಿತು. ಆ ಪಡಸಾಲೆಯ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. ನಾವೆಲ್ಲ ನವನಗರಕ್ಕೆ ಬಂದೆವು, ಶಾಂತಕ್ಕನ ಮನೆ ನಮ್ಮಿಂದ ಎರಡು ಬೀದಿ ಆಚೆ. ಎಂಬತ್ತು ದಾಟಿದೆ, ಕೋಲು ಹಿಡಿದು ಬರುತ್ತಾಳೆ, ನಾಲಿಗೆಗೆ ಮಾತ್ರ ಕೋಲು ಬೇಕಾಗಿಲ್ಲ. ಹೋದ ವಾರ ಕುಪ್ಪಸದ ಹುಕ್ಕು ಹಚ್ಚಿಸಿಕೊಳ್ಳಲು ಬಂದವಳು, ನಾನು ದಾರ ಹುಡುಕುವಷ್ಟರಲ್ಲಿ ಡಬ್ಬಿಯ ತಳಕ್ಕೆ ಕೈ ಹಾಕಿ ಬಟರ್ ಪೇಪರು ಬಿಚ್ಚಿದಳು. ಬತ್ತಿಯನ್ನು ನೋಡಿದಳು. ಇಷ್ಟು ವರ್ಷ ಅವಳಿಗೆ ಹೇಳದ್ದನ್ನು ಅಂದು ಹೇಳಿಬಿಟ್ಟೆ: ಸೊನ್ನೆ, ಸೆರಗು, ಗಂಟು, ಎಲ್ಲ. ಅವಳು ಹುಕ್ಕೂ ಹಚ್ಚಿಸಿಕೊಳ್ಳದೆ ಎದ್ದು ಹೋದಳು. ಸಿಟ್ಟಾಯಿತೆಂದುಕೊಂಡೆ. ಅರ್ಧ ತಾಸಿನಲ್ಲಿ ಕೋಲಿನ ಸದ್ದು ಮತ್ತೆ ಕೇಳಿಸಿತು. ಕುಂಕುಮದ ಭರಣಿಯೊಂದನ್ನು ತಂದಿದ್ದಳು. ಅದರೊಳಗೆ, ಅಂಚು ಕೆಂಪಾದ ಇನ್ನೊಂದು ಬತ್ತಿ.

"ನನಗ ಒಂದು ಹೆಚ್ಚಿಗಿ ಬಂದಿತ್ತವಾ," ಎಂದಳು. "ಒಂದು ಕಟ್ಟಿನ್ಯಾಗ ನೂರಾ ಒಂದು ಇದ್ದೂ. ಮೂರು ಸಲ ಎಣಿಸಿದೆ. ಕಡಿಮಿ ಬಂದಿದ್ದರ ಊರು ಒಂದು ಮಾಡ್ತಿದ್ದೆ. ಹೆಚ್ಚು ಬಂದಿತ್ತು, ಯಾವ ಬಾಯಿಲೆ ಹೇಳಲಿ?"

ಕಟ್ಟಿನಲ್ಲಿ ನೂರಾ ಒಂದಿದ್ದರೆ ಎಣಿಸುವಾಗ ಅತ್ತೆಯೇ ತಪ್ಪಿದ್ದರು. ಅಂದರೆ ಬುಟ್ಟಿಯಲ್ಲಿದ್ದದ್ದು ಒಂದು ಲಕ್ಷದ ನಾಲ್ಕು! ಅದು ಪ್ರೈಮೇ ಅಲ್ಲ. ಇಬ್ಬರಿಗೆ ಐವತ್ತು ಸಾವಿರದ ಎರಡರಂತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೋಗುತ್ತದೆ. ಮೊದಲಿನಿಂದಲೂ ನಮ್ಮಿಬ್ಬರ ನಡುವೆ ಸರಿಸಮನಾಗಿಯೇ ಇದ್ದದ್ದನ್ನು ಹಂಚಲು ನಾನು ಐವರು ಹೆಂಗಸರನ್ನೂ ಒಂದು ಸುಳ್ಳನ್ನೂ ಕರೆತಂದಿದ್ದೆ. ಅರವತ್ತೈದು ಸಲ ಭಾಗಿಸಿ ಅವಿಭಾಜ್ಯವೆಂದು ಸಾಧಿಸಿದ ಸಂಖ್ಯೆ ಆ ಬುಟ್ಟಿಯಲ್ಲಿ ಇರಲೇ ಇಲ್ಲ. ಅಥವಾ ಶಾಂತಕ್ಕನೇ ತಪ್ಪಿ ಎಣಿಸಿದ್ದರೆ? ಎಲ್ಲ ಉರಿದು ಬೂದಿಯಾಗಿದೆ, ಮತ್ತೆ ಎಣಿಸುವಂತಿಲ್ಲ. ಅತ್ತೆ ಮೂರು ತಪ್ಪುಗಳಿಗೆ ಮೂರು ಬತ್ತಿ ಇಟ್ಟಿದ್ದರು. ನನ್ನದೊಂದು, ಅಕ್ಕನದೊಂದು, ಅತ್ತೆಯದೊಂದು, ತಪ್ಪುಗಳು ಮೂರೂ ಆದವು; ಮುಂದಿರುವ ಬತ್ತಿಗಳು ಮಾತ್ರ ಎರಡು. ಇದನ್ನೆಲ್ಲ ಶಾಂತಕ್ಕನಿಗೆ ವಿವರಿಸತೊಡಗಿದೆ. ಲಕ್ಷದ ನಾಲ್ಕು ಎಂಬಲ್ಲಿಗೆ ಬರುವಷ್ಟರಲ್ಲಿ ಅವಳು ಕೈ ಎತ್ತಿ ತಡೆದಳು.

"ಸಾಕ ಬಿಡ, ಕಾನ್ವೆಂಟ್. ಹಣತಿ ತಾ."

ಹಣತೆಗೆ ಎಣ್ಣೆ ಹಾಕಿ ತಂದೆ. ಅವಳು ಎರಡೂ ಬತ್ತಿಗಳನ್ನು ಅಂಗೈ ಮೇಲಿಟ್ಟುಕೊಂಡು, ಅತ್ತೆ ಹೊಸೆಯುತ್ತಿದ್ದ ಹಾಗೆ ಒಂದೇ ಸಲ ಮುಂದಕ್ಕೆ ಹೊಸೆದಳು. ಕೆನೆಯ ಬಣ್ಣದ್ದು ಯಾವುದು, ಕೆಂಪಂಚಿನದು ಯಾವುದು, ತಿಳಿಯದಂತಾಯಿತು. ಎಣ್ಣೆ ಹೀರಲು ಹಳೆಯ ಹತ್ತಿ ಒಂದಿಷ್ಟು ಹೊತ್ತು ಹಿಡಿಯಿತು, ಆಮೇಲೆ ಹತ್ತಿಕೊಂಡಿತು.

ಅದು ಆರುವವರೆಗೂ ಇಬ್ಬರೂ ಕುಳಿತಿದ್ದೆವು. ನಾನು ಅವಳ ಕುಪ್ಪಸಕ್ಕೆ ಹುಕ್ಕು ಹಚ್ಚಿ ಮುಗಿಸಿ, ಸೂಜಿ, ದಾರ, ಥಿಂಬಲ್ಲುಗಳನ್ನು ಡಬ್ಬಿಗೆ ಹಾಕಿದೆ. ಬಟರ್ ಪೇಪರು ಕೈಯಲ್ಲಿ ಉಳಿಯಿತು. ಒಳಗೆ ಏನೂ ಇರಲಿಲ್ಲ. ಆದರೂ ಹಳೆಯ ಗೆರೆಗಳ ಮೇಲೆಯೇ ಅದನ್ನು ಮಡಚಿ, ಏಕೆಂದು ನನಗೆ ತಿಳಿಯದು, ತಳದಲ್ಲಿ ಅದರ ಜಾಗಕ್ಕೇ ಇಟ್ಟು ಮುಚ್ಚಳ ಹಾಕಿದೆ.